ಬಿಸಿಲು, ಗಾಳಿ, ನೀರು: ತೇರಿನ ಹಗ್ಗಕ್ಕೆ ಹೊಸ ಕೈಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟವನು ನಾನು. ಆಮೇಲೆ ಓದಿದ್ದು ಎಲೆಕ್ಟ್ರಿಕಲ್, ದುಡಿದದ್ದು ವಿದ್ಯುತ್ ಇಲಾಖೆಯಲ್ಲಿ. ಮೊದಲು ಸಬ್‌ಸ್ಟೇಷನ್‌ಗಳಲ್ಲಿ, ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಕಂಟ್ರೋಲ್ ರೂಮಿನಲ್ಲಿ. ನಿವೃತ್ತನಾಗಿ ಊರಿಗೆ ಬಂದವನನ್ನು ಮುಖ್ಯೋಪಾಧ್ಯಾಯರು ಹಿಡಿದು ನಿಲ್ಲಿಸಿ, "ಮಕ್ಕಳಿಗೆ ಉಪಯೋಗವಾಗುವಂಥದ್ದು ಏನಾದರೂ ಹೇಳಿ" ಅಂದರು. ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ನಿನ್ನೆ ಸಂಜೆ ಆ ಚಿಂತೆ ತಪ್ಪಿತು.

ನಿನ್ನೆ ಸಾಂಸ್ಕೃತಿಕ ಕಾರ್ಯಕ್ರಮದ ನಡುವೆ ಹತ್ತು ನಿಮಿಷ ಕರೆಂಟು ಹೋಯಿತು, ನೀವೆಲ್ಲ ನೋಡಿದ್ದೀರಿ. ನನ್ನ ಪಕ್ಕದಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು: "ಸಾರ್, ಬೆಟ್ಟದ ಮೇಲೆ ಅಷ್ಟೊಂದು ಫ್ಯಾನು ತಿರುಗ್ತಾವೆ. ಆದ್ರೂ ನಮ್ಮೂರಾಗೆ ಕರೆಂಟು ಯಾಕೆ ಹೋಗ್ತದೆ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿದ್ದ ಹಿರಿಯರೊಬ್ಬರು ಉತ್ತರ ಕೊಟ್ಟರು: "ಅದ್ಕೇ ಹೋಗೋದಮ್ಮ. ಗಾಳಿ ನಂಬ್ಕಂಡು ಸಂಸಾರ ಮಾಡಾಕಾಗುತ್ತಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಆ ಹಿರಿಯರ ಮಾತನ್ನು ದೊಡ್ಡ ದೊಡ್ಡ ಕಚೇರಿಗಳಲ್ಲೂ ಕೇಳಿದ್ದೇನೆ. ಮೊದಮೊದಲು ನಾನೇ ಆಡಿದ್ದೇನೆ. ಅದು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಇವತ್ತು ಅದನ್ನೇ ನಿಮ್ಮ ಮುಂದೆ ಬಿಡಿಸಿ ಹೇಳುತ್ತೇನೆ.

ಮೊದಲು ಗ್ರಿಡ್ ಎಂದರೇನು? ನಮ್ಮ ಕಡೆಯವರಿಗೆ ನಾಯಕನಹಟ್ಟಿ ತೇರು ಗೊತ್ತು. ತೇರು ಎಳೆಯುವಾಗ ನೂರಾರು ಜನ ಒಂದೇ ಹಗ್ಗ ಹಿಡಿದಿರುತ್ತಾರೆ. ತೇರು ಒಂದೇ ವೇಗದಲ್ಲಿ ಸಾಗಬೇಕಾದರೆ, ಎಷ್ಟು ಭಾರವಿದೆಯೋ ಅಷ್ಟೇ ಬಲ ಬೀಳಬೇಕು. ಹತ್ತು ಜನ ಕೈಬಿಟ್ಟರೆ ತೇರು ನಿಧಾನವಾಗುತ್ತದೆ. ಇಳಿಜಾರಿನಲ್ಲಿ ಎಲ್ಲರೂ ಜೋರಾಗಿ ಎಳೆದರೆ ವೇಗ ಮಿತಿಮೀರುತ್ತದೆ. ಎರಡೂ ಅಪಾಯವೇ.

ವಿದ್ಯುತ್ ಜಾಲವೂ ಹಾಗೆಯೇ. ಕರೆಂಟನ್ನು ತಂತಿಯಲ್ಲಿ ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಈ ಕ್ಷಣ ನೀವು ಎಷ್ಟು ಬಳಸುತ್ತೀರೋ ಅಷ್ಟನ್ನು ಇದೇ ಕ್ಷಣ ಎಲ್ಲೋ ಒಂದು ಕಡೆ ತಯಾರು ಮಾಡುತ್ತಿರಬೇಕು. ತೇರಿನ ವೇಗದ ಜಾಗದಲ್ಲಿ ಇಲ್ಲಿರುವುದು ಫ್ರೀಕ್ವೆನ್ಸಿ, ನಿಮ್ಮ ವಿಜ್ಞಾನ ಪುಸ್ತಕದ ಭಾಷೆಯಲ್ಲಿ ಆವರ್ತನ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಸಲ, ಅಂದರೆ 50 ಹರ್ಟ್ಸ್. 49.90ರಿಂದ 50.05ರ ಒಳಗೆ ಅದನ್ನು ಇಡಬೇಕು ಎಂಬುದು ಈಗಿನ ನಿಯಮ. ಬಳಕೆ ಹೆಚ್ಚಾದರೆ ಫ್ರೀಕ್ವೆನ್ಸಿ ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ಕಂಟ್ರೋಲ್ ರೂಮಿನಲ್ಲಿ ನಾವು ಇಡೀ ಪಾಳಿ ಕಣ್ಣಿಟ್ಟು ಕೂರುತ್ತಿದ್ದದ್ದು ಗೋಡೆಯ ಮೇಲಿನ ಆ ಒಂದು ಸಂಖ್ಯೆಯ ಮೇಲೆ.

ಆ ಸಂಖ್ಯೆ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ದೇಶ 2012ರಲ್ಲಿ ನೋಡಿತು. ಜುಲೈ 30ರ ನಸುಕಿನಲ್ಲಿ ಉತ್ತರ ಭಾರತದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್‌ಗಳು ಒಟ್ಟಿಗೆ ಬಿದ್ದವು. 60 ಕೋಟಿಗೂ ಹೆಚ್ಚು ಜನ ಇದ್ದ ಪ್ರದೇಶಕ್ಕೆ ಕರೆಂಟಿಲ್ಲ. ರೈಲುಗಳು ನಿಂತವು, ಗಣಿಗಳ ಒಳಗೆ ಕಾರ್ಮಿಕರು ಸಿಕ್ಕಿಕೊಂಡರು. ಭಾರ ಹೊತ್ತು ಬಸವಳಿದಿದ್ದ ಬೀನಾ–ಗ್ವಾಲಿಯರ್ ಮಾರ್ಗ ಕಡಿದುಕೊಂಡದ್ದು ಮೊದಲ ಏಟು. ಅದರ ಹಿಂದೆ ಒಂದೊಂದಾಗಿ ಉಳಿದವು ಹೋದವು. ಗಮನಿಸಿ, ಅಲ್ಲಿ ತಪ್ಪು ಬಿಸಿಲಿನದೂ ಅಲ್ಲ, ಗಾಳಿಯದೂ ಅಲ್ಲ. ಪಾಲಿಗಿಂತ ಹೆಚ್ಚು ಎಳೆದುಕೊಂಡದ್ದು ಮತ್ತು ದಾರಿಗಳು ಸಾಲದೆ ಹೋದದ್ದು ಕಾರಣ.

ದಕ್ಷಿಣದವರು ಅಂದು ಬಚಾವಾದೆವು. ನಮ್ಮ ಗ್ರಿಡ್ ಆಗ ಪ್ರತ್ಯೇಕವಾಗಿ ತನ್ನದೇ ತಾಳದಲ್ಲಿ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗದ ಮೂಲಕ ನಾವೂ ಉಳಿದ ದೇಶದ ಜೊತೆ ಒಂದೇ ಹಗ್ಗಕ್ಕೆ ಕೈಹಾಕಿದೆವು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಫ್ರೀಕ್ವೆನ್ಸಿ. ಇದರಿಂದ ಬಲ ಬಂತು, ಜವಾಬ್ದಾರಿಯೂ ಬಂತು. ಅಲ್ಲಿ ಯಾರೋ ಹಗ್ಗ ಬಿಟ್ಟರೆ ಇಲ್ಲಿ ನಮ್ಮ ಕೈಗೂ ಜಗ್ಗು ಬರುತ್ತದೆ.

ಈಗ ಆ ಹಿರಿಯರ ಮಾತಿಗೆ ಬರೋಣ. ನೀರು, ಗಾಳಿ, ಬಿಸಿಲು ನಂಬಿಕೊಂಡು ಗ್ರಿಡ್ ನಡೆಸಲು ಆಗುತ್ತದೆಯೇ?

ನೀರಿನಿಂದ ಶುರುಮಾಡುತ್ತೇನೆ. ಅದೂ ನವೀಕರಿಸಬಹುದಾದ ಇಂಧನವೇ. ನಾವು ಅದನ್ನು ಮರೆತುಬಿಡುತ್ತೇವೆ, ಅಷ್ಟೆ. ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದು ಕಾವೇರಿಯ ನೀರಿನಿಂದ. ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಬಂದದ್ದೂ ಅದೇ ನೀರಿನಿಂದ. ನಮ್ಮ ರಾಜ್ಯದ ವಿದ್ಯುತ್ ಕಥೆ ಆರಂಭವಾದದ್ದೇ ಹೀಗೆ. ಕಲ್ಲಿದ್ದಲು ಬಂದದ್ದು ತಡವಾಗಿ, 1985ರಲ್ಲಿ ರಾಯಚೂರಿನ ಮೊದಲ ಘಟಕದೊಂದಿಗೆ.

ನೀರಿಗಿರುವ ಗುಣ ಏನೆಂದರೆ ಅದು ಹೇಳಿದ ಮಾತು ಬೇಗ ಕೇಳುತ್ತದೆ. ತಣ್ಣಗಾದ ಕಲ್ಲಿದ್ದಲಿನ ಬಾಯ್ಲರ್ ಬಿಸಿಯಾಗಿ ಪೂರ್ತಿ ಬಲಕ್ಕೆ ಬರಲು ಗಂಟೆಗಟ್ಟಲೆ ಬೇಕು. ಜಲವಿದ್ಯುತ್ ಯಂತ್ರ ಕೆಲವೇ ನಿಮಿಷಗಳಲ್ಲಿ ಏರುತ್ತದೆ, ಇಳಿಯುತ್ತದೆ. ಇದರ ಬೆಲೆ ಗೊತ್ತಾದದ್ದು 2020ರ ಏಪ್ರಿಲ್ 5ರ ರಾತ್ರಿ. ಕೋವಿಡ್ ಲಾಕ್‌ಡೌನ್ ಸಮಯ. ರಾತ್ರಿ 9ಕ್ಕೆ 9 ನಿಮಿಷ ಮನೆಯ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿಯವರ ಕರೆ ಇತ್ತು. ನಿಮ್ಮಲ್ಲಿ ಹಲವರು ಆಗ ಚಿಕ್ಕವರು, ತಟ್ಟೆ ಬಾರಿಸಿದ ದಿನದ ಜೊತೆಗೆ ಅದೂ ನೆನಪಿರಬಹುದು.

ಜನರಿಗೆ ಅದು 9 ನಿಮಿಷದ ಕತ್ತಲೆ. ಕಂಟ್ರೋಲ್ ರೂಮಿನವರಿಗೆ ಎದೆ ಹೊಡೆದುಕೊಳ್ಳುವ ಪರೀಕ್ಷೆ. ತೇರು ಎಳೆಯುತ್ತಿರುವಾಗ ಭಾರದ ಕಾಲು ಭಾಗ ಥಟ್ಟನೆ ಇಳಿದು, ಮತ್ತೆ ಥಟ್ಟನೆ ಏರಿದ ಹಾಗೆ. ಸುಮಾರು 25 ನಿಮಿಷದಲ್ಲಿ ದೇಶದ ಬೇಡಿಕೆ 31 ಸಾವಿರ ಮೆಗಾವಾಟ್ ಇಳಿಯಿತು. ಇಡೀ ಕರ್ನಾಟಕದ ಗರಿಷ್ಠ ಬೇಡಿಕೆ ಈಚೆಗೆ 17 ಸಾವಿರ ದಾಟಿದೆ. ಅಂದರೆ ಸುಮಾರು ಎರಡು ಕರ್ನಾಟಕಗಳು ಏಕಕಾಲಕ್ಕೆ ದೀಪ ಆರಿಸಿದ ಲೆಕ್ಕ. ಆ ಹೊತ್ತಿನಲ್ಲಿ ದೇಶದ ಜಲವಿದ್ಯುತ್ ಕೇಂದ್ರಗಳು ಸುಮಾರು 17,500 ಮೆಗಾವಾಟ್ ತಗ್ಗಿಸಿದವು. ದೀಪಗಳು ಮತ್ತೆ ಹತ್ತಿದಂತೆ ಮತ್ತೆ ಏರಿಸಿದವು. ಫ್ರೀಕ್ವೆನ್ಸಿ 49.70ರಿಂದ 50.26ರ ನಡುವೆ ಓಲಾಡಿತು, ಆದರೆ ಗ್ರಿಡ್ ನಿಂತಿತು. ಆ ರಾತ್ರಿ ಗ್ರಿಡ್ ಕಾಪಾಡಿದ ದೊಡ್ಡ ಕೈ ನೀರಿನದು.

"ನೀರು ಸರಿ, ಅದು ಅಣೆಕಟ್ಟಿನಲ್ಲಿ ಕೂಡಿಟ್ಟ ದುಡ್ಡು. ಗಾಳಿ, ಬಿಸಿಲು ದಿನಗೂಲಿ ಅಲ್ಲವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವುಗಳ ಮೇಲಿನ ದೂರು ಮೂರು.

ಒಂದು, ಅವು ಹೇಳಿದ ಹೊತ್ತಿಗೆ ಬರುವುದಿಲ್ಲ. ಮೋಡ ಬಂದರೆ ಬಿಸಿಲಿಲ್ಲ, ಸಂಜೆಯಾದರೆ ಮೊದಲೇ ಇಲ್ಲ.

ಎರಡು, ಜಡತ್ವ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು, ರಟ್ಟನ್ನು ಬೆರಳಿನಿಂದ ಚಿಮ್ಮಿ ನಮ್ಮ ವಿಜ್ಞಾನದ ಮೇಷ್ಟ್ರು ಜಡತ್ವ ತೋರಿಸಿದ್ದು ಇದೇ ಕಟ್ಟಡದ ಕೊನೆಯ ಕೋಣೆಯಲ್ಲಿ. ಕಲ್ಲಿದ್ದಲು ಸ್ಥಾವರದ ಟರ್ಬೈನು, ಜನರೇಟರು ಟನ್‌ಗಟ್ಟಲೆ ಭಾರದ ಉಕ್ಕು. ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುತ್ತದೆ. ಎಲ್ಲೋ ಒಂದು ಸ್ಥಾವರ ಕೈಕೊಟ್ಟರೂ ಈ ತಿರುಗುವ ಭಾರ ತಕ್ಷಣ ನಿಲ್ಲಲು ಒಪ್ಪುವುದಿಲ್ಲ. ತನ್ನ ಚಲನೆಯ ಶಕ್ತಿಯನ್ನೇ ಕೊಟ್ಟು ನಮಗೆ ಕೆಲವು ಸೆಕೆಂಡು ಸಾವರಿಸಿಕೊಳ್ಳಲು ಬಿಡುತ್ತದೆ. ಸೌರ ಫಲಕದಲ್ಲಿ ತಿರುಗುವುದು ಏನೂ ಇಲ್ಲ. ಗಾಳಿ ಫ್ಯಾನು ತಿರುಗಿದರೂ ಹೊಸ ಮಾದರಿಗಳಲ್ಲಿ ಅದರ ಮತ್ತು ಗ್ರಿಡ್ಡಿನ ನಡುವೆ ಎಲೆಕ್ಟ್ರಾನಿಕ್ ಉಪಕರಣ ಇರುತ್ತದೆ.

ಮೂರು, ಗ್ರಿಡ್ ಸ್ವಲ್ಪ ಅಲುಗಾಡಿದರೂ ಅವು ಹೆದರಿ ಕೈಬಿಡುತ್ತವೆ.

ಈ ಮೂರನೆಯ ದೂರಿಗೆ ಆಸ್ಟ್ರೇಲಿಯಾದ ಒಂದು ಉದಾಹರಣೆ ಇದೆ. ಮುಚ್ಚಿಡದೆ ಹೇಳುತ್ತೇನೆ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ಭಾರಿ ಬಿರುಗಾಳಿ ಎದ್ದು ವಿದ್ಯುತ್ ಗೋಪುರಗಳು ಮುರಿದು ಬಿದ್ದವು. ವೋಲ್ಟೇಜ್ ಮತ್ತೆ ಮತ್ತೆ ಕುಸಿಯಿತು. ಇಷ್ಟು ಸಲ ಕುಸಿದರೆ ಹಿಂದೆ ಸರಿ ಎಂದು ಅಲ್ಲಿನ ಹಲವು ಗಾಳಿ ಸ್ಥಾವರಗಳ ಯಂತ್ರಕ್ಕೆ ಮೊದಲೇ ಹೇಳಿಟ್ಟಿದ್ದರು. ಅವು ಹಾಗೇ ಮಾಡಿದವು. ಕೆಲವೇ ಸೆಕೆಂಡಿನಲ್ಲಿ 456 ಮೆಗಾವಾಟ್ ಇಲ್ಲವಾಯಿತು. ಆ ಕೊರತೆ ಪಕ್ಕದ ರಾಜ್ಯದಿಂದ ಬರುವ ಮಾರ್ಗದ ಮೇಲೆ ಬಿದ್ದು, ಅದೂ ಕಡಿದುಕೊಂಡಿತು. ಇಡೀ ರಾಜ್ಯ ಕತ್ತಲಾಯಿತು.

ಗಾಳಿಯನ್ನು ಬೈಯಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಎಷ್ಟೋ ಜನ ಬೈದರು. ಆದರೆ ತನಿಖೆಯಲ್ಲಿ ತಿಳಿದದ್ದು ಬೇರೆ. ಗಾಳಿ ಅಂದು ಚೆನ್ನಾಗಿಯೇ ಬೀಸುತ್ತಿತ್ತು. ಕೈಕೊಟ್ಟದ್ದು ಯಂತ್ರದೊಳಗೆ ಬರೆದಿಟ್ಟ ಒಂದು ಸೂಚನೆ. ಅದನ್ನು ಬದಲಾಯಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಮರುವರ್ಷ, 2017ರ ಕೊನೆಗೆ, ಹಾರ್ನ್ಸ್‌ಡೇಲ್ ಎಂಬಲ್ಲಿ ಗಾಳಿ ಸ್ಥಾವರದ ಪಕ್ಕದಲ್ಲೇ 100 ಮೆಗಾವಾಟ್‌ನ ಬ್ಯಾಟರಿ ಕೂರಿಸಿದರು. ಆಗ ಲೀಥಿಯಂ ಬ್ಯಾಟರಿಗಳಲ್ಲಿ ಜಗತ್ತಿಗೇ ದೊಡ್ಡದು ಅದು. ಎರಡು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 14ರಂದು, ಸುಮಾರು ಸಾವಿರ ಕಿಲೋಮೀಟರ್ ದೂರದ ಲಾಯ್ ಯಾಂಗ್ ಎಂಬ ಕಲ್ಲಿದ್ದಲು ಸ್ಥಾವರದ 560 ಮೆಗಾವಾಟ್‌ನ ಘಟಕ ಕೈಕೊಟ್ಟಿತು. ಈ ಬ್ಯಾಟರಿ ಸೆಕೆಂಡಿನೊಳಗೆ ಗ್ರಿಡ್ಡಿಗೆ ಶಕ್ತಿ ತುಂಬಿತು. ಅಂದು ಅದು ಕೊಟ್ಟದ್ದು ಏಳೆಂಟು ಮೆಗಾವಾಟ್ ಮಾತ್ರ, ಅದನ್ನು ಉಬ್ಬಿಸಿ ಹೇಳಬಾರದು. ಆದರೆ ಅದು ಎಚ್ಚೆತ್ತದ್ದು ಬಹಳ ಬೇಗ. ಆಮೇಲೆ ಆ ಬ್ಯಾಟರಿಯನ್ನು 150 ಮೆಗಾವಾಟ್‌ಗೆ ಬೆಳೆಸಿದರು. 2022ರಲ್ಲಿ, ತಿರುಗುವ ಉಕ್ಕಿನ ಜಡತ್ವವನ್ನೇ ಅನುಕರಿಸುವ ಕೆಲಸವನ್ನೂ ಅದಕ್ಕೆ ವಹಿಸಿದರು.

ಅಂದರೆ ಎರಡನೆಯ ದೂರಿಗೂ ಉತ್ತರ ಸಿಗುತ್ತಿದೆ. ನಮ್ಮ ಬೆಟ್ಟದ ಫ್ಯಾನುಗಳನ್ನೇ ನೋಡಿ. ಒಂದೊಂದು ರೆಕ್ಕೆಯೂ ಲಾರಿಗಿಂತ ಉದ್ದ. ಆ ತಿರುಗುವ ಭಾರದಲ್ಲಿ ಜಡತ್ವ ಇದ್ದೇ ಇದೆ. ಫ್ರೀಕ್ವೆನ್ಸಿ ಬಿದ್ದ ಕ್ಷಣ ಆ ಶಕ್ತಿಯಲ್ಲಿ ಒಂದಿಷ್ಟನ್ನು ಹತ್ತು ಸೆಕೆಂಡು ಗ್ರಿಡ್ಡಿಗೆ ಕೊಡು ಎಂದು ಎಲೆಕ್ಟ್ರಾನಿಕ್ ಉಪಕರಣಕ್ಕೆ ಹೇಳಿದರೆ ಅದು ಕೊಡುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ ಗಾಳಿ ಸ್ಥಾವರಗಳಿಗೆ ಇದನ್ನು ಕಡ್ಡಾಯ ಮಾಡಿ ಬಹಳ ವರ್ಷಗಳಾದವು.

ಸೌರ ಸ್ಥಾವರ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ 300 ಮೆಗಾವಾಟ್‌ನ ಸೌರ ಸ್ಥಾವರವೊಂದನ್ನು ಪರೀಕ್ಷೆಗೆ ಒಡ್ಡಿದರು. ಎಲ್ಲ ಬಲ ಹಾಕಿ ಎಳೆಯಬೇಡ, ಸ್ವಲ್ಪ ಉಳಿಸಿಕೋ ಎಂದರು. ಆಮೇಲೆ ಕ್ಷಣಕ್ಷಣಕ್ಕೂ ಏರು, ಇಳಿ ಎಂದು ಆದೇಶ ಕಳಿಸಿದರು. ಆ ಆದೇಶಗಳನ್ನು ಅದು ಗ್ಯಾಸ್ ಟರ್ಬೈನುಗಳಿಗಿಂತ ನಿಖರವಾಗಿ ಪಾಲಿಸಿತು. ಉಕ್ಕಿಗೆ ಏರಿಳಿಯಲು ಹೊತ್ತು ಬೇಕು, ಇನ್ವರ್ಟರ್‌ಗೆ ಕಣ್ಣು ಮಿಟುಕಿಸುವಷ್ಟು ಸಾಕು. ಉಳಿಸಿಕೊಂಡ ಬಿಸಿಲು ಪೋಲಾಗುತ್ತದಲ್ಲ ಎಂದರೆ, ಹೌದು, ಸ್ವಲ್ಪ ಪೋಲಾಗುತ್ತದೆ. ಆ ನಷ್ಟಕ್ಕೆ ದುಡ್ಡು ಕೊಡಬೇಕು. ಕಾವಲುಗಾರ ಕಳ್ಳ ಬರದ ರಾತ್ರಿಯ ಸಂಬಳವನ್ನೂ ತೆಗೆದುಕೊಳ್ಳುತ್ತಾನಲ್ಲ, ಇದೂ ಹಾಗೆ.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡೂ ದೇಶಗಳು ಕತ್ತಲಾದವು. ಅಲ್ಲಿ ಕೆಟ್ಟದ್ದು ವೋಲ್ಟೇಜ್. ಫ್ರೀಕ್ವೆನ್ಸಿ ತೇರಿನ ವೇಗವಾದರೆ, ವೋಲ್ಟೇಜ್ ಎಂದರೆ ನಲ್ಲಿಯ ಪೈಪಿನ ಒತ್ತಡದಂತೆ. ಕಡಿಮೆಯಾದರೆ ನೀರು ಬರುವುದಿಲ್ಲ, ಹೆಚ್ಚಾದರೆ ಪೈಪು ಒಡೆಯುತ್ತದೆ. ಅಂದು ವೋಲ್ಟೇಜ್ ಮಿತಿಮೀರಿ ಏರಿತು, ಸ್ಥಾವರಗಳು ಒಂದರ ಹಿಂದೆ ಒಂದು ಕಡಿದುಕೊಂಡವು. ಅಲ್ಲಿನ ಸರ್ಕಾರದ ತನಿಖಾ ವರದಿಯಂತೆ, ವೋಲ್ಟೇಜ್ ಹಿಡಿದಿಡುವ ಹೊಣೆ ಹೊತ್ತಿದ್ದ ದೊಡ್ಡ ಸ್ಥಾವರಗಳು ಬೇಕಾದಷ್ಟು ಕೆಲಸ ಮಾಡಲಿಲ್ಲ. ಸೌರ, ಗಾಳಿ ಸ್ಥಾವರಗಳಿಗೆ ಹಳೆಯ ನಿಯಮದಲ್ಲಿ ಆ ಕೆಲಸವೇ ಇರಲಿಲ್ಲ. ವೋಲ್ಟೇಜ್ ಹಿಡಿಯಬಲ್ಲ ಇನ್ವರ್ಟರ್‌ಗಳು ಸಾವಿರಗಟ್ಟಲೆ ಅಲ್ಲೇ ಇದ್ದವು. ಅವನ್ನು ಯಾರೂ ಕೇಳಿರಲಿಲ್ಲ. ಕತ್ತಲಾದ ಮೇಲೆ ನಿಯಮ ಬದಲಾಯಿಸಿದರು.

ಮಕ್ಕಳೇ, ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಬಿಸಿಲು, ಗಾಳಿ ತಾವಾಗಿ ಗ್ರಿಡ್ ಕೆಡಿಸುವುದೂ ಇಲ್ಲ, ತಾವಾಗಿ ಕಾಯುವುದೂ ಇಲ್ಲ. ಮನೆಗೆ ಬಂದ ನೆಂಟರನ್ನು ಕೂರಿಸಿ ಬಡಿಸುತ್ತಲೇ ಇದ್ದರೆ ಅವರು ಹೊರೆ. ಮನೆಯವರೆಂದು ತಿಳಿದು ಕೆಲಸ ಹಂಚಿದರೆ ಆಸರೆ. ಇಷ್ಟು ವರ್ಷ ಇವನ್ನು ನೆಂಟರಂತೆ ನೋಡಿಕೊಂಡೆವು. ಈಗ ಅವು ಮನೆ ತುಂಬ ಆಗಿವೆ, ಇನ್ನು ಕೆಲಸ ಹೇಳಲೇಬೇಕು.

ನಮ್ಮ ದೇಶದಲ್ಲಿ ಅದು ಶುರುವಾಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2019ರಲ್ಲಿ ನಿಯಮ ತಿದ್ದಿ, 10 ಮೆಗಾವಾಟ್ ಮೀರಿದ ಹೊಸ ಸೌರ, ಗಾಳಿ ಸ್ಥಾವರಗಳು ಫ್ರೀಕ್ವೆನ್ಸಿ ನೋಡಿಕೊಂಡು ತಮ್ಮ ಬಲ ಹೊಂದಿಸಿಕೊಳ್ಳುವಂತಿರಬೇಕು ಎಂದಿತು. ವೋಲ್ಟೇಜ್ ಕ್ಷಣಕಾಲ ಕುಸಿದರೆ ಓಡಿಹೋಗದೆ ನಿಲ್ಲಬೇಕೆಂಬ ನಿಯಮವೂ ಇದೆ. ದಿನವನ್ನು 15 ನಿಮಿಷಗಳ 96 ಭಾಗ ಮಾಡಿ, ಪ್ರತಿ ಭಾಗದಲ್ಲಿ ಎಷ್ಟು ಗಾಳಿ, ಎಷ್ಟು ಬಿಸಿಲು ಬರಬಹುದೆಂದು ಮುಂಚಿತವಾಗಿ ಲೆಕ್ಕ ಕೊಡಬೇಕು. ತಪ್ಪಿದರೆ ದಂಡ. ಹಾಗಾಗಿ ಮೊದಲನೆಯ ದೂರಿನ ಮುಳ್ಳೂ ಅಷ್ಟಿಷ್ಟು ಮೊಂಡಾಗಿದೆ. ಮೋಡ ಬರುವುದನ್ನು ತಡೆಯಲಾಗದು, ಬರುತ್ತದೆಂದು ಮೊದಲೇ ತಿಳಿಯಬಹುದು.

ಇನ್ನು ನಮ್ಮ ನಾಡಿನ ವಿಷಯ. ನಮ್ಮ ಜಿಲ್ಲೆಯ ಪಕ್ಕದ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು. ಚಿತ್ರದುರ್ಗ, ಗದಗ ಕಡೆಯ ಗುಡ್ಡಗಳಲ್ಲಿ ಗಾಳಿ ಇದೆ. ಶರಾವತಿ ಕಣಿವೆಯಲ್ಲಿ ಹತ್ತು ಯಂತ್ರಗಳ 1035 ಮೆಗಾವಾಟ್ ಇದೆ. ಇವು ಮೂರೂ ಒಂದನ್ನೊಂದು ತುಂಬಿಕೊಳ್ಳುವ ರೀತಿ ನೋಡಿ. ಮುಂಗಾರಿನಲ್ಲಿ ಮೋಡ ಕವಿದು ಬಿಸಿಲು ಕಡಿಮೆಯಾದಾಗಲೇ ಗಾಳಿ ಜೋರು. ಅದೇ ಹೊತ್ತಿಗೆ ಲಿಂಗನಮಕ್ಕಿ ತುಂಬುತ್ತದೆ. ಬೇಸಿಗೆಯಲ್ಲಿ ಗಾಳಿ ತಣ್ಣಗಾದಾಗ ಬಿಸಿಲು ಧಾರಾಳ. ಹಗಲೆಲ್ಲ ಬಿಸಿಲಿನಿಂದ ನಡೆಸಿದರೆ ಅಣೆಕಟ್ಟಿನ ನೀರು ಉಳಿಯುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಓಡುವಾಗ ಆ ನೀರು ಕೆಲಸಕ್ಕೆ ಬರುತ್ತದೆ. ಅಂದರೆ ಪಾವಗಡದ ಬಿಸಿಲು ಶರಾವತಿಯ ನೀರಿನ ರೂಪದಲ್ಲಿ ಸಂಜೆಗೆ ಉಳಿಯಿತು ಎಂದಾಯಿತು.

ಹಗಲಿನ ಹೆಚ್ಚುವರಿ ಕರೆಂಟಿನಿಂದ ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಇಳಿಸಿ ವಿದ್ಯುತ್ ಮಾಡುವ ವಿಧಾನವೂ ಇದೆ. ತಮಿಳುನಾಡಿನ ಕಡಂಪಾರೈಯಲ್ಲಿ 400 ಮೆಗಾವಾಟ್‌ನದು ಬಹುಕಾಲದಿಂದ ಇದೆ. ಶರಾವತಿಯಲ್ಲಿ 2000 ಮೆಗಾವಾಟ್‌ನ ಅಂಥ ಯೋಜನೆಯ ಪ್ರಸ್ತಾಪವಿದೆ. ಸಿಂಗಳೀಕಗಳಿರುವ ಕಾಡು ಹೋಗುತ್ತದೆಂದು ಅದಕ್ಕೆ ವಿರೋಧವೂ ಇದೆ. ಗ್ರಿಡ್ಡಿನ ಮನುಷ್ಯನಾಗಿ ನನಗೆ ಅದು ಆಸೆ ಹುಟ್ಟಿಸುತ್ತದೆ. ಆದರೂ ಗ್ರಿಡ್ ಉಳಿಸಲು ಕಾಡು ಕೊಡಬೇಕೇ, ಅದೇ ಕೆಲಸ ಬ್ಯಾಟರಿಯಿಂದ, ಬೇರೆ ಜಾಗದಿಂದ ಆಗದೇ ಎಂದು ಕೇಳುವವರ ಮಾತು ಕೇಳಿಸಿಕೊಂಡೇ ಮುಂದೆ ಹೋಗಬೇಕು. ಕೆಲಸ ಹಂಚುವುದು ಎಂದರೆ ಅದೂ ಸೇರಿದೆ.

ಇನ್ನೊಂದು ಮಾತಿದೆ. ಇದನ್ನು ಹೇಳಲೇ ನಾನು ಇಲ್ಲಿಗೆ ಬಂದೆ ಎಂದರೂ ಸರಿ.

ನಾನು ಕಾಲೇಜಿನಲ್ಲಿದ್ದ ಕಾಲ. ನಮ್ಮ ಹೊಲಕ್ಕೆ ತ್ರೀಫೇಸ್ ಬರುತ್ತಿದ್ದದ್ದು ರಾತ್ರಿ. ಆಗ ಗ್ರಿಡ್ಡಿಗೆ ಬಿಡುವಿರುತ್ತಿದ್ದದ್ದು ರಾತ್ರಿ ಮಾತ್ರ, ಹಾಗಾಗಿ ರೈತನ ಪಾಲಿಗೆ ಬಂದದ್ದೂ ರಾತ್ರಿ. ನಮ್ಮ ಚಿಕ್ಕಪ್ಪ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಮೋಟಾರು ಹಾಕಲು ಹೋಗುತ್ತಿದ್ದರು. ಒಂದು ರಾತ್ರಿ ಎರಡು ಗಂಟೆಗೆ ಹೋದವರು ಬೆಳಿಗ್ಗೆಯಾದರೂ ಬರಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಹಾವು ಕಚ್ಚಿತ್ತು. ಮೋಟಾರು ಓಡುತ್ತಲೇ ಇತ್ತು, ಮಡಿಯೆಲ್ಲ ತುಂಬಿ ನೀರು ದಾರಿಗೆ ಹರಿದಿತ್ತು. ಈ ಸಭೆಯಲ್ಲಿ ಕುಳಿತಿರುವ ಎಷ್ಟು ಮನೆಗಳಲ್ಲಿ ಇಂಥ ಕಥೆ ಇಲ್ಲ ಹೇಳಿ.

ಈಗ ಸೌರ ವಿದ್ಯುತ್ ಬಂದ ಮೇಲೆ ಗ್ರಿಡ್ಡಿನ ಲೆಕ್ಕ ತಲೆಕೆಳಗಾಗಿದೆ. ಮಧ್ಯಾಹ್ನ ಹೆಚ್ಚಾಗಿ ಉಳಿಯುತ್ತದೆ, ಸಂಜೆ ಕೊರತೆ. ಮಧ್ಯಾಹ್ನದ ಬಿಸಿಲನ್ನು ಬಳಸುವವರಿಲ್ಲದಿದ್ದರೆ ಫ್ರೀಕ್ವೆನ್ಸಿ ಏರುತ್ತದೆ, ವೋಲ್ಟೇಜ್ ಏರುತ್ತದೆ, ಸೌರ ಸ್ಥಾವರಕ್ಕೆ "ಸಾಕು, ಇಳಿಸು" ಎನ್ನಬೇಕಾಗುತ್ತದೆ. ಆ ಹೊತ್ತಿಗೆ ಒಂದು ದೊಡ್ಡ ಬಳಕೆ ಬೇಕು. ನಮ್ಮಲ್ಲಿ ಅಂಥದ್ದು ಯಾವುದಿದೆ? ಲಕ್ಷಾಂತರ ಪಂಪ್‌ಸೆಟ್‌ಗಳಿವೆ! ನೀರು ಹಾಯಿಸಲು ಗಡಿಯಾರ ನೋಡಬೇಕಿಲ್ಲ, ಹಗಲು ಹಾಯಿಸಿದರೂ ಬೆಳೆಗೆ ಒಂದೇ. ಊರಿನ ಮನೆಗಳ ಲೈನು, ಪಂಪ್‌ಸೆಟ್‌ಗಳ ಲೈನು ಬೇರೆ ಬೇರೆ ಮಾಡಿದ ಕಡೆ, ಪಂಪ್‌ಸೆಟ್‌ನ ಏಳು ಗಂಟೆಯ ತ್ರೀಫೇಸನ್ನು ಬಿಸಿಲಿರುವ ಹೊತ್ತಿಗೆ ತರಲು ಬರುತ್ತದೆ. ಎಷ್ಟೋ ಕಡೆ ತಂದಿದ್ದಾರೆ. ಪಂಪ್‌ಸೆಟ್ ಲೈನಿಗೆ ಸಬ್‌ಸ್ಟೇಷನ್ ಹತ್ತಿರವೇ ಸೌರ ಘಟಕ ಹಾಕುವ ಕುಸುಮ್ ಯೋಜನೆಯ ಉದ್ದೇಶವೂ ಇದೇ.

ಕಂಟ್ರೋಲ್ ರೂಮಿನಲ್ಲಿ ಕೂತು ಮೊದಲ ಸಲ ಪಂಪ್‌ಸೆಟ್ ಲೈನುಗಳ ಪಾಳಿ ಹಗಲಿಗೆ ಬದಲಾಯಿಸಿದ ಪಟ್ಟಿ ನೋಡಿದಾಗ, ನನ್ನ ಜೊತೆಯವರು "ಮಧ್ಯಾಹ್ನದ ಲೋಡ್ ಚೆನ್ನಾಗಿ ಕೂತಿತು ಸಾರ್" ಅಂದರು. ನನಗೆ ಕಂಡದ್ದು ಲೋಡ್ ಅಲ್ಲ, ಚಿಕ್ಕಪ್ಪನ ಕೈಯ ಬ್ಯಾಟರಿ. ಗ್ರಿಡ್ಡಿನ ಸ್ಥಿರತೆ ಎಂದರೆ ಗೋಡೆಯ ಮೇಲಿನ 50.00 ಎಂಬ ಅಂಕಿ ಮಾತ್ರ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅಂಕಿಯ ಇನ್ನೊಂದು ತುದಿಯಲ್ಲಿ ರಾತ್ರಿ ನಿದ್ದೆ ಮಾಡುವ ಒಬ್ಬ ಮನುಷ್ಯ ಇರುತ್ತಾನೆ. ನಮ್ಮೂರಲ್ಲಿ ಇನ್ನೂ ಕೆಲವು ಲೈನಿಗೆ ರಾತ್ರಿ ಪಾಳಿ ಇದೆ. ಹಿರಿಯರೇ, ಗ್ರಾಮ ಸಭೆಯಲ್ಲಿ ಹಗಲು ಪಾಳಿ ಕೇಳಿ. ಅದು ಬೇಡುವ ಉಪಕಾರ ಅಲ್ಲ. ನೀವು ಹಗಲು ಮೋಟಾರು ಹಾಕಿದರೆ ಗ್ರಿಡ್ಡಿಗೇ ಉಪಕಾರ.

ಕೊನೆಯದಾಗಿ, ನಿನ್ನೆಯ ಹುಡುಗಿಗೆ ಬಾಕಿ ಉಳಿದ ಉತ್ತರ. ಮಗಳೇ, ನಿನ್ನೆ ಹೋದ ಕರೆಂಟಿಗೂ ಬೆಟ್ಟದ ಫ್ಯಾನಿಗೂ ಸಂಬಂಧವಿಲ್ಲ. ನಾನು ಕಾರ್ಯಕ್ರಮ ಮುಗಿದ ಮೇಲೆ ಲೈನ್‌ಮನ್‌ರನ್ನು ಕೇಳಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ಟಿ.ಸಿ.ಯ ಫ್ಯೂಸ್ ಹೋಗಿತ್ತು. ಪೆಂಡಾಲಿನ ದೀಪ, ಮೈಕು, ಅಂಗಡಿಗಳ ದೀಪ ಎಲ್ಲ ಅದೊಂದರ ಮೇಲೇ ಬಿದ್ದಿತ್ತು. ಬೆಟ್ಟದ ಫ್ಯಾನು ಮಾಡಿದ ಕರೆಂಟು ಮೊದಲು ದೊಡ್ಡ ಗ್ರಿಡ್ಡಿಗೆ ಹೋಗುತ್ತದೆ. ಅಲ್ಲಿಂದ ನಮ್ಮ ಮನೆಯ ಸ್ವಿಚ್ಚಿಗೆ ಬರುವ ಕೊನೆಯ ಎರಡು ಕಿಲೋಮೀಟರ್ ದಾರಿ ನಮ್ಮೂರ ತಂತಿ, ನಮ್ಮೂರ ಟಿ.ಸಿ. ದೇಶದ ತೇರು ಸರಿಯಾಗಿ ನಡೆದರೂ ನಮ್ಮ ಬೀದಿಯ ಗಾಡಿಯ ಕೀಲು ಕಳಚಬಹುದು. ಆ ಕೀಲನ್ನೂ ನೋಡಿಕೊಳ್ಳಬೇಕು.

ಹಿರಿಯರ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಯಜಮಾನರೇ, ಗಾಳಿ ಒಂದನ್ನೇ ನಂಬಿ ಸಂಸಾರ ಮಾಡಲು ಆಗುವುದಿಲ್ಲ, ನಿಮ್ಮ ಮಾತು ನಿಜ. ಮಳೆ ಒಂದನ್ನೇ ನಂಬಿಯೂ ನಾವು ಸಂಸಾರ ಮಾಡಿದವರಲ್ಲ. ಕೆರೆ ಕಟ್ಟಿದೆವು, ಬಾವಿ ತೋಡಿದೆವು, ಕಣಜ ತುಂಬಿದೆವು, ಎರಡು ಬೆಳೆ ಕೂಡಿಸಿ ಬಿತ್ತಿದೆವು. ಈ ಬಯಲುಸೀಮೆಯಲ್ಲಿ ಬದುಕಿದ್ದೇ ಹಾಗೆ. ಬಿಸಿಲು, ಗಾಳಿಯ ಜೊತೆಗೂ ಅದನ್ನೇ ಮಾಡಬೇಕು.

ಮಕ್ಕಳೇ, ಮುಂದಿನ ಇಪ್ಪತ್ತು ಮೂವತ್ತು ವರ್ಷ ಈ ಕೆಲಸಕ್ಕೆ ಜನ ಬೇಕು. ಇಂಜಿನಿಯರು ಮಾತ್ರವಲ್ಲ. ಫ್ಯಾನಿನ ಕಂಬ ಹತ್ತಿ ರಿಪೇರಿ ಮಾಡುವ ಐಟಿಐ ಓದಿದವರು, ಮೋಡದ ಲೆಕ್ಕ ಹಾಕುವ ಗಣಿತದವರು, ಕಾಡಿನ ಪರ, ರೈತರ ಪರ ನಿಯಮ ಬರೆಯಬಲ್ಲ ಕಾನೂನಿನವರು ಎಲ್ಲರೂ ಬೇಕು. ನಾಣ್ಯ, ರಟ್ಟು, ಲೋಟದ ಪಾಠದಿಂದ ನಾನು ಕಂಟ್ರೋಲ್ ರೂಮಿನವರೆಗೆ ಹೋದೆ. ಅದೇ ಕೋಣೆಯಲ್ಲಿ ಇವತ್ತು ನೀವು ಕೂತಿದ್ದೀರಿ. ನಿನ್ನೆ ಆ ಹುಡುಗಿ ಕೇಳಿದಂಥ ಪ್ರಶ್ನೆಗಳನ್ನು ನಿಮ್ಮ ಮೇಷ್ಟ್ರಿಗೆ ಕೇಳುತ್ತಾ ಇರಿ.

ಐವತ್ತು ವರ್ಷ ಈ ಶಾಲೆಯ ಹಗ್ಗ ಹಿಡಿದ ಎಲ್ಲ ಕೈಗಳಿಗೆ ನಮಸ್ಕರಿಸಿ, ನನ್ನ ಮಾತು ಮುಗಿಸುತ್ತೇನೆ.